ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡಿಗೆ ನಾನೇ ಕಟ್ಟಿಕೊಂಡ ಚಾರ್ಜರ್

ಬೋರ್ಡಿನ ಜೊತೆ ಬಂದ ಚಾರ್ಜರ್ 2 ಆಂಪಿಯರಿನದು. ನನ್ನ ಬ್ಯಾಟರಿ 10ಎಸ್3ಪಿ, ಅಂದರೆ ಮೂರು ಮೂರು ಸೆಲ್‌ಗಳ ಹತ್ತು ಗುಂಪುಗಳನ್ನು ಸರಣಿಯಲ್ಲಿ ಜೋಡಿಸಿದ್ದು. ಒಂದು ಸೆಲ್‌ಗೆ 3 ಆಂಪಿಯರ್-ಅವರ್‌ನಂತೆ ಒಟ್ಟು 9. ಖಾಲಿ ಪ್ಯಾಕ್ ತುಂಬಲು ಸುಮಾರು ಐದು ಗಂಟೆ ಬೇಕಾಗುತ್ತಿತ್ತು. ಆದರೆ ಸೆಲ್‌ನ ಮಾಹಿತಿ ಪತ್ರ ಹೇಳುವ ಸಾಮಾನ್ಯ ಚಾರ್ಜಿಂಗ್ ಕರೆಂಟ್ ಸೆಲ್‌ಗೆ 1.5 ಆಂಪಿಯರ್, ಮೂರು ಸೆಲ್‌ಗೆ 4.5. ಹಾಗಾಗಿ 4 ಆಂಪಿಯರ್ ಕೊಟ್ಟರೂ ಸೆಲ್‌ಗಳಿಗೆ ಹೊರೆಯಾಗದು ಎಂಬುದು ಖಚಿತವಾದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿದೆ.

ಲಿಥಿಯಂ ಅಯಾನ್ ಸೆಲ್‌ಗೆ ಮೊದಲು ಒಂದೇ ಮಟ್ಟದ ಕರೆಂಟ್ ಹರಿಯಬೇಕು. ಸೆಲ್‌ಗೆ 4.2 ವೋಲ್ಟ್, ಅಂದರೆ ಪ್ಯಾಕ್‌ಗೆ 42 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜ್ ಅಲ್ಲೇ ನಿಲ್ಲಬೇಕು, ಕರೆಂಟ್ ತಾನಾಗಿ ಇಳಿಯುತ್ತಾ ಹೋಗಬೇಕು. ಕೊನೆಗೆ ಚಾರ್ಜಿಂಗ್ ಪೂರ್ತಿ ನಿಲ್ಲಬೇಕು. ತುಂಬುವುದಕ್ಕಿಂತ ನಿಲ್ಲಿಸುವುದೇ ಚಾರ್ಜರಿನ ದೊಡ್ಡ ಜವಾಬ್ದಾರಿ. ಆದ್ದರಿಂದ ಪ್ರತಿ ಭಾಗವನ್ನು ಆರಿಸುವಾಗಲೂ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದು ಕೆಟ್ಟುಹೋದರೆ ಸೆಲ್‌ಗಳ ಗತಿ ಏನು?

ಮನೆಯ ಎಸಿ ವಿದ್ಯುತ್ತನ್ನು ಡಿಸಿಗೆ ಬದಲಿಸುವ ಸಾಮಾನ್ಯ ಎಸ್‌ಎಂಪಿಎಸ್ ಪವರ್ ಸಪ್ಲೈ ಈ ಕೆಲಸಕ್ಕೆ ಹಾಗೇ ಒದಗುವುದಿಲ್ಲ. ವೋಲ್ಟೇಜನ್ನು ಅದು ಹಿಡಿದಿಡುತ್ತದೆ, ಕರೆಂಟನ್ನಲ್ಲ. ಖಾಲಿ ಪ್ಯಾಕ್ ಸಿಕ್ಕಿಸಿದರೆ ಮಿತಿ ಮೀರಿತೆಂದು ಹಲವು ಮಾದರಿಗಳು ಬಂದ್ ಆಗಿ, ಮತ್ತೆ ಚಾಲೂ ಆಗಿ, ಮತ್ತೆ ಬಂದ್ ಆಗುತ್ತಲೇ ಇರುತ್ತವೆ. ಇನ್ನೊಂದು ತೊಡಕೂ ಇದೆ. ಇಂಥ ಸಪ್ಲೈಗಳನ್ನು ಸಾಮಾನ್ಯವಾಗಿ ಶೇಕಡಾ 10ರಷ್ಟು ಮಾತ್ರ ಏರಿಸಿ ಇಳಿಸಬಹುದು. 36 ವೋಲ್ಟಿನದು 39.6ಕ್ಕೆ ನಿಲ್ಲುತ್ತದೆ, 48ರದ್ದು 43.2ಕ್ಕಿಂತ ಕೆಳಗೆ ಬರುವುದಿಲ್ಲ. ನಮಗೆ ಬೇಕಾದ 42 ಸರಿಯಾಗಿ ಅವೆರಡರ ನಡುವಿನ ಕಂದಕದಲ್ಲಿದೆ.

ಇದಕ್ಕೆ ಹಲವರು 48 ವೋಲ್ಟಿನ ಸಪ್ಲೈ ಹಿಂದೆ ಒಂದು ಬಕ್ ಕನ್ವರ್ಟರ್ ಬೋರ್ಡ್ ಹಾಕಿ 42ಕ್ಕೆ ಇಳಿಸುತ್ತಾರೆ. ಅಗ್ಗ, ಸುಲಭ, ಕರೆಂಟ್ ಮಿತಿಯೂ ಸಿಗುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ. ಬಕ್ ಬೋರ್ಡಿನಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್ ಕೆಡುವಾಗ ಶಾರ್ಟ್ ಆಗಿ ಕೆಡುವುದೇ ಹೆಚ್ಚು. ಹಾಗಾದರೆ ಇಡೀ 48 ವೋಲ್ಟ್ ನೇರವಾಗಿ ಪ್ಯಾಕ್‌ಗೆ ಹೋಗುತ್ತದೆ, ಸೆಲ್‌ಗೆ 4.8ರಂತೆ. ಆಗ ಬೆಂಕಿಗೂ ಬ್ಯಾಟರಿಗೂ ನಡುವೆ ಉಳಿಯುವುದು ಬಿಎಂಎಸ್, ಅಂದರೆ ಪ್ಯಾಕಿನೊಳಗಿನ ರಕ್ಷಣಾ ಬೋರ್ಡ್, ಒಂದೇ. ಬಿಎಂಎಸ್ ಕೊನೆಯ ಕಾವಲು. ಅದನ್ನು ದಿನನಿತ್ಯದ ಸ್ವಿಚ್ಚಾಗಿ ಬಳಸಬಾರದು. ಹಳೆಯ ಸರ್ವರ್‌ಗಳ 12 ವೋಲ್ಟಿನ ಸಪ್ಲೈಗಳನ್ನು ಒಂದರ ಮೇಲೊಂದು ಸರಣಿಯಲ್ಲಿ ಜೋಡಿಸುವ ದಾರಿಯನ್ನೂ ಬಿಟ್ಟೆ. ಅವುಗಳ ಋಣ ತುದಿ ಲೋಹದ ಕವಚಕ್ಕೂ ಅರ್ಥಿಂಗಿಗೂ ಸೇರಿರುತ್ತದೆ. ಅರ್ಥಿಂಗ್ ಕಡಿಯದೆ ಸರಣಿ ಜೋಡಣೆ ಸಾಧ್ಯವಿಲ್ಲ, ಅರ್ಥಿಂಗ್ ಕಡಿಯುವ ಕೆಲಸ ನಾನು ಮಾಡುವುದಿಲ್ಲ.

ಕೊನೆಗೆ ಆರಿಸಿದ್ದು ಎಲ್‌ಇಡಿ ಬೀದಿದೀಪಗಳಿಗೆ ಬಳಸುವಂಥ ಡ್ರೈವರ್: ಮೀನ್ ವೆಲ್‌ನ ಎಚ್‌ಎಲ್‌ಜಿ-185ಎಚ್-42ಎ. 42 ವೋಲ್ಟ್, 4.4 ಆಂಪಿಯರ್. ಸ್ಥಿರ ಕರೆಂಟ್, ಸ್ಥಿರ ವೋಲ್ಟೇಜ್ ಎರಡೂ ಒಂದರಲ್ಲೇ ಇವೆ. ಒಳಗೆಲ್ಲ ಅಂಟು ತುಂಬಿ ಮುಚ್ಚಿದ್ದಾರೆ, ಫ್ಯಾನ್ ಇಲ್ಲ. ‘ಎ’ ಮಾದರಿಯಲ್ಲಿ ವೋಲ್ಟೇಜಿಗೊಂದು, ಕರೆಂಟಿಗೊಂದು ತಿರುಪು ಹೊರಗಿನಿಂದಲೇ ಸಿಗುವಂತಿದ್ದು, ರಬ್ಬರ್ ಮುಚ್ಚಳ ತೆಗೆದರೆ ಸಾಕು. ಇದು ಸಣ್ಣ ಸೌಲಭ್ಯವಲ್ಲ. 230 ವೋಲ್ಟಿನ ಸಪ್ಲೈ ಒಂದರೊಳಗಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಡಿಸಿ ಕೂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅಲ್ಲಿಗೆ ಕೈ ಹೋಗುವ ಪ್ರಸಂಗವೇ ಬರದಿರುವುದು ಒಳ್ಳೆಯದು.

ಡ್ರೈವರ್ ಮತ್ತು ಬ್ಯಾಟರಿಯ ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಶಾಟ್ಕಿ ಡಯೋಡ್ ಹಾಕಿದ್ದೇನೆ, 10 ಆಂಪಿಯರ್, 100 ವೋಲ್ಟಿನದು. ಅದಿಲ್ಲದಿದ್ದರೆ ಚಾರ್ಜರ್ ಬಂದ್ ಆಗಿರುವಾಗ ಬ್ಯಾಟರಿಯೇ ಹಿಂದಕ್ಕೆ ಸೋರುತ್ತದೆ. ಜೊತೆಗೆ ಕನೆಕ್ಟರ್ ಸಿಕ್ಕಿಸುವಾಗ ಡ್ರೈವರಿನ ಖಾಲಿ ಕೆಪಾಸಿಟರ್ ಒಮ್ಮೆಲೇ ತುಂಬಿಕೊಳ್ಳಲು ಹೋಗಿ ಕಿಡಿ ಹಾರುತ್ತದೆ. 4 ಆಂಪಿಯರಿನಲ್ಲಿ ಡಯೋಡ್ ಎರಡು ವ್ಯಾಟಿಗಿಂತ ಹೆಚ್ಚು ಶಾಖ ಹೊರಹಾಕುವುದರಿಂದ ಹೀಟ್‌ಸಿಂಕ್ ಬೇಕೇ ಬೇಕು.

ಡಯೋಡ್ ಇದ್ದಾಗ ವೋಲ್ಟೇಜ್ ಹೊಂದಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಅದರಲ್ಲಿ ಕಳೆದುಹೋಗುವ ವೋಲ್ಟೇಜ್ ಕರೆಂಟಿನ ಜೊತೆ ಬದಲಾಗುತ್ತದೆ: ಹೆಚ್ಚು ಹರಿಯುವಾಗ ಹೆಚ್ಚು, ಕೊನೆಯಲ್ಲಿ ಕಡಿಮೆ. ಪೂರ್ಣ ಕರೆಂಟಿನಲ್ಲಿ ಅಳೆದು ತಿರುಪು ತಿರುಗಿಸಿದರೆ, ಚಾರ್ಜಿಂಗ್ ಮುಗಿಯುವ ಹೊತ್ತಿಗೆ ಪ್ಯಾಕಿನ ವೋಲ್ಟೇಜ್ ಅಂದುಕೊಂಡದ್ದಕ್ಕಿಂತ ಮೇಲೇರಿರುತ್ತದೆ. ಹಾಗಾಗಿ ಬ್ಯಾಟರಿಯ ಬದಲು 470 ಓಮ್, 10 ವ್ಯಾಟಿನ ರೆಸಿಸ್ಟರನ್ನು ಡಯೋಡಿನ ಆಚೆ ಕಟ್ಟಿದೆ. ಹರಿಯುವುದು ಸುಮಾರು 0.09 ಆಂಪಿಯರ್ ಮಾತ್ರ. ಮಲ್ಟಿಮೀಟರಿನ ಕಡ್ಡಿಗಳನ್ನು ಆ ರೆಸಿಸ್ಟರಿನ ಎರಡು ತುದಿಗೇ ಹಿಡಿದು, ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತಾ 41.5ಕ್ಕೆ ನಿಲ್ಲಿಸಿದೆ. ಪೂರ್ತಿ 42 ಏಕಲ್ಲ ಎಂದರೆ, ಶೇಕಡಾ 0.5 ನಿಖರತೆಯ ಮೀಟರ್ ಆ ಮಟ್ಟದಲ್ಲಿ 0.2 ವೋಲ್ಟಿನಷ್ಟು ಆಚೀಚೆ ತೋರಿಸಬಹುದು. ಮೀಟರ್ ತಪ್ಪಿದರೂ ಸೆಲ್ ಮಿತಿಯೊಳಗೇ ಇರುತ್ತದೆ. ಜೊತೆಗೆ ಸೆಲ್‌ಗಳನ್ನು ತುಸು ಕಡಿಮೆ ತುಂಬಿದಷ್ಟೂ ಅವುಗಳ ಆಯಸ್ಸು ಹೆಚ್ಚುತ್ತದೆ. ಆದರೆ ಗುಂಪುಗಳ ವೋಲ್ಟೇಜನ್ನು ಸಮಗೊಳಿಸುವ ಕೆಲಸವನ್ನು ಅನೇಕ ಬಿಎಂಎಸ್‌ಗಳು 4.2ರ ಹತ್ತಿರವಷ್ಟೇ ಶುರು ಮಾಡುವುದರಿಂದ, ಆಗೀಗ ಹಳೆಯ ಚಾರ್ಜರಿನಲ್ಲಿ ಪೂರ್ತಿ ತುಂಬುತ್ತೇನೆ.

ಡ್ರೈವರ್ ತಾನಾಗಿ ನಿಲ್ಲುವುದಿಲ್ಲ, ಅದು ದೀಪಕ್ಕಾಗಿ ಮಾಡಿದ್ದು. ನಿಲ್ಲಿಸುವುದಕ್ಕೆ ಒಂದು ಆರ್ಡುಯಿನೋ (ಪುಟ್ಟ ನಿಯಂತ್ರಣ ಬೋರ್ಡ್), ಒಂದು ಶಂಟ್ (ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್), ಒಂದು ರಿಲೇ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್) ಸೇರಿಸಿದೆ. ರಿಲೇ ಇಟ್ಟದ್ದು ಬ್ಯಾಟರಿಯ ಕಡೆಗಲ್ಲ, ಎಸಿ ಕಡೆಗೆ. ಮಾರುಕಟ್ಟೆಯ ಸಾಮಾನ್ಯ 10 ಆಂಪಿಯರ್ ರಿಲೇಯ ಡಿಸಿ ಮಿತಿ 30 ವೋಲ್ಟ್ ಮಾತ್ರ. 42ರಲ್ಲಿ ತೆರೆಯುವಾಗ ಆರ್ಕ್ ಹೊಡೆದು ಸಂಪರ್ಕಗಳು ಅಂಟಿಕೊಳ್ಳಬಹುದು. ಎಸಿ ಕಡಿದರೆ ಡ್ರೈವರ್ ಸುಮ್ಮನಾಗುತ್ತದೆ, ಹಿಂಸೋರಿಕೆಯನ್ನು ಡಯೋಡ್ ತಡೆಯುತ್ತದೆ. ಕರೆಂಟ್ ಅಳೆಯಲು ಬಳಸಿದ ಐಎನ್‌ಎ226 ಚಿಪ್ 36 ವೋಲ್ಟಿನವರೆಗೆ ಮಾತ್ರ ತಡೆದುಕೊಳ್ಳುವುದರಿಂದ ಶಂಟನ್ನು ಋಣ ತಂತಿಯಲ್ಲಿ ಕೂರಿಸಿದೆ. ವೋಲ್ಟೇಜನ್ನು 100 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್‌ಗಳ ಮೂಲಕ ಹನ್ನೊಂದನೇ ಒಂದು ಭಾಗಕ್ಕೆ ಇಳಿಸಿ ಓದುತ್ತೇನೆ.

ಗುಂಡಿ ಒತ್ತಿದರೆ ರಿಲೇ ಹಿಡಿಯುತ್ತದೆ. ಕರೆಂಟ್ 450 ಮಿಲಿಆಂಪಿಯರಿಗಿಂತ ಕೆಳಗೆ ಒಂದು ನಿಮಿಷ ಉಳಿದರೆ ಬಿಡುತ್ತದೆ. ನಡುವೆ ವಿದ್ಯುತ್ ಹೋಗಿ ಬಂದರೆ ತಾನಾಗಿ ಶುರುವಾಗುವುದಿಲ್ಲ, ಮತ್ತೆ ಯಾರಾದರೂ ಬಂದು ಗುಂಡಿ ಒತ್ತಬೇಕು. ಅದನ್ನು ಬೇಕೆಂದೇ ಹಾಗೆ ಮಾಡಿದ್ದೇನೆ. ಪ್ಯಾಕ್ 30 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜರ್ ಶುರುವಾಗಲೂ ಒಪ್ಪುವುದಿಲ್ಲ.

ಫ್ಯೂಸ್ ಇರುವುದು ಬೋರ್ಡಿನೊಳಗೆ, ಚಾರ್ಜಿಂಗ್ ತಂತಿ ಬ್ಯಾಟರಿಯಿಂದ ಹೊರಡುವ ಜಾಗದಲ್ಲೇ. ತಂತಿ ಶಾರ್ಟ್ ಆದರೆ ನೂರಾರು ಆಂಪಿಯರ್ ಸುರಿಯುವುದು ಬ್ಯಾಟರಿಯೇ ಹೊರತು ಚಾರ್ಜರ್ ಅಲ್ಲ. ಕಾರಿನ ಬ್ಲೇಡ್ ಫ್ಯೂಸ್‌ಗಳಲ್ಲಿ ಹೆಚ್ಚಿನವು 32 ವೋಲ್ಟಿನವು, ಇಲ್ಲಿ ಸಲ್ಲುವುದಿಲ್ಲ. ಡಿಸಿ ವೋಲ್ಟೇಜ್ ನಮೂದಿಸಿದ್ದನ್ನು ನೋಡಿ ತಂದೆ. ಮೊದಲ ಬಾರಿ ಪೂರ್ತಿ ತುಂಬಿದ ದಿನ ಬಿಎಂಎಸ್‌ನ ಹನ್ನೊಂದು ಸಣ್ಣ ತಂತಿಗಳಲ್ಲಿ ಒಂದೊಂದೇ ಜೋಡಿಯನ್ನು ಅಳೆಯುತ್ತಾ ಹೋದೆ. ಎಲ್ಲ ಗುಂಪುಗಳೂ 4.15ರ ಆಸುಪಾಸಿನಲ್ಲಿದ್ದುದನ್ನು ಕಂಡಾಗ ಆದ ಸಂತೋಷ ದೊಡ್ಡದು. ಚಾರ್ಜಿಂಗ್ ಈಗ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಪ್ಯಾಕನ್ನು ಮಾತ್ರ ಯಾವ ಚಾರ್ಜರಿಗೂ ಹಾಕಬೇಡಿ. ಸೆಲ್‌ನೊಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ, ಆ ಹಾನಿ ಹಿಂತಿರುಗುವುದಿಲ್ಲ.

12ಎಸ್ ಪ್ಯಾಕ್ ಇರುವವರು ಇದೇ ಸರ್ಕ್ಯೂಟನ್ನು ಬಳಸಬಹುದು. 50.4 ವೋಲ್ಟ್ ಹನ್ನೊಂದನೇ ಒಂದು ಭಾಗಕ್ಕೆ ಇಳಿದಾಗ 4.58 ಆಗುತ್ತದೆ, ಆರ್ಡುಯಿನೋದ 5 ವೋಲ್ಟಿನ ಮಿತಿಯೊಳಗೇ. ಡ್ರೈವರನ್ನೂ ಮಿತಿಗಳನ್ನೂ ಬದಲಿಸಿದರಾಯಿತು. ಆದರೆ ಒಂದೇ ಮನೆಯಲ್ಲಿ ಎರಡೂ ಬಗೆಯ ಬೋರ್ಡ್ ಇದ್ದರೆ ಎರಡಕ್ಕೂ ಬೇರೆ ಬೇರೆ ಕನೆಕ್ಟರ್ ಹಾಕಿ. ಒಂದರ ಪ್ಲಗ್ ಇನ್ನೊಂದಕ್ಕೆ ಹೊಕ್ಕುವಂತೆಯೇ ಇರಬಾರದು.