‘ಇಂಟ್ರೆಪಿಡ್’ ಯಾರಿಗೆ ಒಪ್ಪುತ್ತದೆ?

ಧೈರ್ಯಕ್ಕೆ ಇಂಗ್ಲಿಷಿನಲ್ಲಿ ಪದಗಳಿಗೇನೂ ಬರವಿಲ್ಲ. ಆದರೂ ಬರೆಯುವಾಗ ಎಲ್ಲರಿಗೂ ‘ಬ್ರೇವ್’ ಅಂಟಿಸಿ ಕೈತೊಳೆದುಕೊಳ್ಳುತ್ತೇವೆ. ‘ಇಂಟ್ರೆಪಿಡ್’ ತಕ್ಕ ಜಾಗದಲ್ಲಿ ಕೂತರೆ ವಾಕ್ಯದ ಕಳೆಯೇ ಬೇರೆ.

ಮೊದಲು ಬಾಯಿಗೆ ರೂಢಿ ಮಾಡಿಕೊಳ್ಳಿ: ಇನ್‌-ಟ್ರೆ-ಪಿಡ್. ಒತ್ತು ನಡುವಿನ ‘ಟ್ರೆ’ ಮೇಲೆ.

ಆಮೇಲೆ ಪದವನ್ನು ಬಿಡಿಸಿ. ಲ್ಯಾಟಿನ್ನಿನ ‘ಟ್ರೆಪಿಡಸ್’ ಎಂದರೆ ಗಾಬರಿಬಿದ್ದ. ಮೊದಲಿಗೆ ಬಂದ ‘ಇನ್’ ಅದನ್ನು ಅಲ್ಲಗಳೆಯುತ್ತದೆ. ಅಳುಕಿಗೆ ಹೇಳುವ ‘ಟ್ರೆಪಿಡೇಷನ್’ ಕೂಡ ಇದೇ ಬೇರಿನದು. ಕನ್ನಡದ ‘ಅಂಜದ ಅಳುಕದ’ ಹೆಚ್ಚುಕಡಿಮೆ ಅದೇ.

ಇನ್ನು ಮುಖ್ಯ ಹೆಜ್ಜೆ. ಆ ವ್ಯಕ್ತಿ ಅಪಾಯದತ್ತ ತಾನಾಗಿಯೇ ಹೊರಟದ್ದೇ ಎಂದು ಕೇಳಿಕೊಳ್ಳಿ. ಕಾಯಿಲೆಯನ್ನು ನಗುನಗುತ್ತ ಎದುರಿಸಿದ ಅಜ್ಜಿಗೆ ‘ಬ್ರೇವ್’ ಸಾಕು. ಎಷ್ಟು ಸಲ ಸೋತರೂ ಪಕ್ಷ ಬಿಡದ ಕಾರ್ಯಕರ್ತನಿಗೆ ‘ಸ್ಟಾಂಚ್’. ಗೊತ್ತಿಲ್ಲದ ನೆಲಕ್ಕೆ ಹಿಂಜರಿಯದೆ ಕಾಲಿಡುವ ಪರಿಶೋಧಕರು, ಪರ್ವತಾರೋಹಿಗಳು, ಯುದ್ಧಭೂಮಿಯ ವರದಿಗಾರರು ‘ಇಂಟ್ರೆಪಿಡ್’.

ಅಮೆರಿಕದ ಚಂದ್ರಯಾನ ಅಪೊಲೊ 12ರಲ್ಲಿ ಚಂದ್ರನ ಮೇಲಿಳಿಯುವ ನೌಕೆಗೆ ಇದೇ ಹೆಸರಿತ್ತು. 1969ರ ನವೆಂಬರ್ 14ರಂದು ಮಳೆಯಲ್ಲೇ ಮೇಲೇರಿದ ರಾಕೆಟ್ಟಿಗೆ ನಿಮಿಷ ತುಂಬುವುದರೊಳಗೆ ಎರಡು ಸಲ ಸಿಡಿಲು ಬಡಿಯಿತು. ಗಗನಯಾನಿಗಳ ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪಗಳು ಸಾಲಾಗಿ ಹೊತ್ತಿಕೊಂಡವು. ಭೂಮಿಗೆ ಬರುತ್ತಿದ್ದ ಮಾಹಿತಿ ಕಲಸುಮೇಲೋಗರ. ನಿಯಂತ್ರಣ ಕೊಠಡಿಯ ಜಾನ್ ಆರನ್ ಸೂಚಿಸಿದ ಸ್ವಿಚ್ಚನ್ನು ಗಗನಯಾನಿ ಅಲನ್ ಬೀನ್ ಹಾಕಿದ ಮೇಲೆ ಮಾಹಿತಿ ಸರಿಹೋಯಿತು. ಐದು ದಿನ ಕಳೆದು ಪೀಟ್ ಕಾನ್ರಾಡ್ ಮತ್ತು ಬೀನ್ ‘ಇಂಟ್ರೆಪಿಡ್’ನಲ್ಲಿ ಚಂದ್ರನ ಮೇಲಿಳಿದರು. ಅದೂ 1967ರಿಂದ ಅಲ್ಲೇ ನಿಂತಿದ್ದ ಮಾನವರಹಿತ ಸರ್ವೇಯರ್ 3 ನೌಕೆಗೆ 200 ಮೀಟರಿಗೂ ಹತ್ತಿರದಲ್ಲಿ! ಹೆಸರಿಟ್ಟವರು ಸಿಡಿಲನ್ನು ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ; ಹೆಸರಂತೂ ಒಪ್ಪಿತು.

ವಾಕ್ಯದಲ್ಲಿ ಇದು ಹೆಚ್ಚಾಗಿ ನಾಮಪದಕ್ಕೆ ಮೊದಲು ಬರುತ್ತದೆ: ‘ಆ್ಯನ್ ಇಂಟ್ರೆಪಿಡ್ ಎಕ್ಸ್‌ಪ್ಲೋರರ್’. ‘ಎ’ ಬೇಡ, ‘ಆ್ಯನ್’. ‘ಇಂಟ್ರೆಪಿಡಿಟಿ’ ಎಂಬ ರೂಪ ದಿನಬಳಕೆಗೆ ಭಾರ. ಅಮೆರಿಕದ ಸೇನಾ ಗೌರವ ಮೆಡಲ್ ಆಫ್ ಆನರ್‌ನ ಪ್ರಶಸ್ತಿಪತ್ರಗಳಲ್ಲಿ ಮಾತ್ರ ‘ಗ್ಯಾಲಂಟ್ರಿ ಆ್ಯಂಡ್ ಇಂಟ್ರೆಪಿಡಿಟಿ’ ಎಂದು ಜೋಡಿಯಾಗಿ ಮೆರೆಯುತ್ತದೆ.

ಕೊಂಕಿಗೂ ಕಿವಿಗೊಡಿ. ಪತ್ರಿಕೆಯಲ್ಲಿ ‘ಅವರ್ ಇಂಟ್ರೆಪಿಡ್ ರಿಪೋರ್ಟರ್’ ಎಂದು ಕಂಡ ಕೂಡಲೇ ಗುಂಡಿನ ಮಳೆಗೆ ನುಗ್ಗಿದವರು ಎಂದುಕೊಳ್ಳಬೇಡಿ. ಪಾಪ, ಖಾರದ ಮೆಣಸಿನಕಾಯಿ ತಿಂದು ಬಂದಿರಬಹುದು. ಕೆಲಸದ ಅರ್ಜಿಯಲ್ಲಿ ನಿಮ್ಮನ್ನು ನೀವೇ ಹೀಗೆ ಕರೆದುಕೊಂಡರೆ ಓದುವವರು ಈ ಎರಡನೇ ಅರ್ಥವನ್ನೇ ಹಿಡಿದಾರು.