ಇಂಗ್ಲಿಷ್ ಪಾದ್ರಿಗಳ ಹಳೆಯ ವಾಗ್ವಾದಗಳನ್ನು ಬೆಂಗಳೂರಿನಲ್ಲಿ ಕೂತು ಓದುವ ಕ್ರಮ

ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರು, ಅಂದರೆ ಇಂಗ್ಲೆಂಡಿನ ಅಧಿಕೃತ ಸಭೆಯವರು, ಕಟ್ಟಿದ ಚರ್ಚು. ಕಾರ್ಪೊರೇಷನ್ ಕಚೇರಿ ಹತ್ತಿರದ ಹಡ್ಸನ್ ಸ್ಮಾರಕ ಚರ್ಚು ಆ ಸಭೆಯಿಂದ ಬೇರೆಯಾದ ವೆಸ್ಲಿಯನ್ ಮೆಥಡಿಸ್ಟರದು. ಇವತ್ತು ಎರಡೂ 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ ಸೇರಿವೆ. ಆದರೆ ಬಿಷಪ್ ಇಲ್ಲದೆ ಸಭೆ ಇರಬಹುದೇ, ರಾಜನ ಕಾನೂನು ಮನಸ್ಸಾಕ್ಷಿಯನ್ನು ಕಟ್ಟಿಹಾಕಬಹುದೇ ಎಂಬ ಪ್ರಶ್ನೆಗಳ ಮೇಲೆ 17 ಮತ್ತು 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿಗಳು ಬರೆದುಕೊಂಡ ಕರಪತ್ರಗಳಿಗೆ ಲೆಕ್ಕವಿಲ್ಲ. ನಮ್ಮ ಊರಿನ ಸಭೆಗಳ ಚರಿತ್ರೆ ಓದುವವರು ಒಂದಲ್ಲ ಒಂದು ದಿನ ಅವುಗಳ ಹತ್ತಿರ ಬಂದೇ ಬರುತ್ತಾರೆ. ಅವುಗಳಲ್ಲಿ ಬಹಳಷ್ಟು ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್, ಗೂಗಲ್ ಬುಕ್ಸ್‌ಗಳಲ್ಲಿ ಪುಕ್ಕಟೆ ಸಿಗುತ್ತವೆ. ಸಿಕ್ಕಿದ್ದನ್ನು ಸರಿಯಾಗಿ ಓದುವುದೇ ಕಷ್ಟದ ಕೆಲಸ.

ಮೊದಲ ನಿಯಮ: ಒಂಟಿ ಕರಪತ್ರವನ್ನು ಓದಬೇಡಿ. ಅದು ಯಾರಿಗೋ ಕೊಟ್ಟ ಉತ್ತರವಾಗಿರುತ್ತದೆ, ಅದಕ್ಕೂ ಒಂದು ಉತ್ತರ ಬಂದಿರುತ್ತದೆ. ಒಂದು ಜಗಳ ಆರಿಸಿಕೊಂಡು ಅದರ ಐದಾರು ಕೃತಿಗಳನ್ನು ಬಂದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಶುರುಮಾಡಲು ಬ್ಯಾಂಗರ್ ವಿವಾದ ಒಳ್ಳೆಯದು. ಅದಕ್ಕೆ ತಲೆಬುಡ ಎರಡೂ ಸ್ಪಷ್ಟವಾಗಿವೆ.

1717ರ ಮಾರ್ಚ್ 31ರಂದು ಬ್ಯಾಂಗರ್‌ನ ಬಿಷಪ್ ಬೆಂಜಮಿನ್ ಹೋಡ್ಲಿ ಮೊದಲನೇ ಜಾರ್ಜ್ ದೊರೆಯ ಮುಂದೆ ಪ್ರಸಂಗ ಮಾಡಿದ. ಆಧಾರವಚನ ಯೋಹಾನ 18:36, ‘ನನ್ನ ರಾಜ್ಯವು ಈ ಲೋಕದ್ದಲ್ಲ’ ಎಂಬ ಯೇಸುವಿನ ಮಾತು. ಕ್ರಿಸ್ತನು ತನ್ನ ಹಿಂದೆ ಕಣ್ಣಿಗೆ ಕಾಣುವ ಮಾನವ ಅಧಿಕಾರವನ್ನು ಬಿಟ್ಟುಹೋಗಿಲ್ಲ ಎಂದು ಅದರಿಂದ ಹೊರಡಿಸಿದ. ಬಿಷಪ್ಪನೇ ಬಿಷಪ್ಪರ ಅಧಿಕಾರದ ಬುಡಕ್ಕೆ ಕೈಹಾಕಿದ ಹಾಗಾಯಿತು. ಈಟನ್ ಶಾಲೆಯ ಮುಖ್ಯೋಪಾಧ್ಯಾಯ ಆಂಡ್ರೂ ಸ್ನೇಪ್ ಪತ್ರರೂಪದಲ್ಲಿ ತಿರುಗಿಬಿದ್ದ. ಹೋಡ್ಲಿ ಉತ್ತರ ಕೊಟ್ಟ. ವಿಲಿಯಂ ಲಾ ಎಂಬ ಇನ್ನೊಬ್ಬ ಪಾದ್ರಿ ಹೋಡ್ಲಿಯ ವಿರುದ್ಧ ಮೂರು ಪತ್ರ ಬರೆದ. ಪಾದ್ರಿಗಳ ಪ್ರತಿನಿಧಿ ಸಭೆಯಾದ ಕಾನ್ವೊಕೇಷನ್‌ನ ಕೆಳಮನೆಯ ಸಮಿತಿ ಹೋಡ್ಲಿಯ ವಿರುದ್ಧ ವರದಿ ತಯಾರಿಸುತ್ತಿದ್ದಂತೆ ಸರ್ಕಾರ ಆ ಸಭೆಯನ್ನೇ ಮುಂದೂಡಿತು. ಅದು ಮತ್ತೆ ನೆಟ್ಟಗೆ ಕೆಲಸ ಶುರುಮಾಡಿದ್ದು 1852ರಲ್ಲಿ. ಪ್ರಸಂಗ, ಸ್ನೇಪ್‌ನ ಪತ್ರ, ಹೋಡ್ಲಿಯ ಉತ್ತರ, ಲಾನ ಮೊದಲ ಪತ್ರ, ಸಮಿತಿಯ ವರದಿ, ಆ ವರದಿಗೆ ಹೋಡ್ಲಿಯ ಉತ್ತರ: ಮೊದಲ ಸುತ್ತಿಗೆ ಈ ಆರು ಸಾಕು.

ಶೀರ್ಷಿಕೆ ಪುಟಕ್ಕೆ ಒಂದು ಗಂಟೆ ಕೊಟ್ಟರೂ ನಷ್ಟವಿಲ್ಲ. ‘ಇಂಥವರ ಪುಸ್ತಕಕ್ಕೆ ಉತ್ತರ’ ಎಂಬ ಸಾಲು ಇದ್ದರೆ ಹಿಂದಿನ ಕೊಂಡಿ ಅಲ್ಲೇ ಸಿಕ್ಕಿತು. ಲೇಖಕನ ಹೆಸರಿನ ಬದಲು ‘ಇಂಗ್ಲೆಂಡ್ ಸಭೆಯ ಒಬ್ಬ ಪಾದ್ರಿ’ ಅಂತಿದ್ದರೆ ಅದನ್ನು ಹಾಗೇ ನಂಬಬೇಡಿ. ಡೇನಿಯಲ್ ಡಿಫೋ 1702ರಲ್ಲಿ ಹೆಸರು ಹಾಕದೆ, ಡಿಸೆಂಟರ್‌ಗಳನ್ನು (ಇಂಗ್ಲೆಂಡ್ ಸಭೆಗೆ ಸೇರದ ಪ್ರಾಟೆಸ್ಟಂಟರನ್ನು) ನಿರ್ಮೂಲ ಮಾಡಬೇಕೆನ್ನುವ ಉಗ್ರ ಚರ್ಚ್‌ವಾದಿಯ ದನಿಯಲ್ಲಿ ಕರಪತ್ರ ಬರೆದ. ತಾನೇ ಡಿಸೆಂಟರ್ ಆಗಿದ್ದ ಅವನು ಮರುವರ್ಷ ಪಿಲರಿ ಎಂಬ ಬಹಿರಂಗ ಶಿಕ್ಷೆಯ ಕಂಬದಲ್ಲಿ ನಿಲ್ಲಬೇಕಾಯಿತು. ಅಣಕವನ್ನು ಆ ಕಾಲದ ಓದುಗರೇ ನಿಜವೆಂದು ನಂಬಿದ್ದರು. ಹೆಸರಿಲ್ಲದ ಕರಪತ್ರ ಕೈಗೆ ಬಂದಾಗಲೆಲ್ಲ ಇದು ನೆನಪಿರಲಿ. ಪುಟದ ಕೆಳಗೆ ‘ಇಂಥವನಿಗಾಗಿ ಮುದ್ರಿಸಿದ್ದು’ ಎಂದಿದ್ದರೆ ಅವನು ಹಣ ಹಾಕಿದ ಪುಸ್ತಕ ವ್ಯಾಪಾರಿ, ಮುದ್ರಕನಲ್ಲ. ಒಬ್ಬನೇ ವ್ಯಾಪಾರಿ ಯಾರ್‍ಯಾರ ಕೃತಿ ತಂದ ಎಂದು ಪಟ್ಟಿ ಮಾಡಿದರೆ ಪಕ್ಷಗಳು ತಾವಾಗಿಯೇ ಬೇರೆಯಾಗಿ ಕಾಣತೊಡಗುತ್ತವೆ. ‘ಎರಡನೇ ಆವೃತ್ತಿ’ ಎಂದ ಮಾತ್ರಕ್ಕೆ ಒಳಗಿನದು ಹೊಸದಾಗಿ ಅಚ್ಚಾಗಿದೆ ಎಂದಲ್ಲ. ಮಾರಾಟವಾಗದೆ ಉಳಿದ ಹಾಳೆಗಳಿಗೆ ಹೊಸ ಶೀರ್ಷಿಕೆ ಪುಟ ಅಂಟಿಸಿ ಮಾರುತ್ತಿದ್ದರು.

ತಾರೀಖಿನ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. 1752ರ ಮೊದಲು ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹೆನ್ರಿ ಸಶೆವರೆಲ್ ಎಂಬ ಪಾದ್ರಿ ಡಿಸೆಂಟರ್‌ಗಳ ಮೇಲೆ ಹರಿಹಾಯ್ದ ಪ್ರಸಂಗ 1709ರ ನವೆಂಬರ್ 5ರದು. ಪಾರ್ಲಿಮೆಂಟಿನಲ್ಲಿ ಅವನ ವಿಚಾರಣೆ ಶುರುವಾದ ದಿನಕ್ಕೆ ಅವತ್ತಿನ ಕಾಗದಗಳಲ್ಲಿ ‘1709 ಫೆಬ್ರವರಿ 27’ ಎಂದಿರಬಹುದು. ಬರೆದಿದ್ದನ್ನೇ ನಂಬಿದರೆ ಅಪರಾಧಕ್ಕಿಂತ ಎಂಟು ತಿಂಗಳು ಮೊದಲೇ ವಿಚಾರಣೆ ನಡೆದಂತಾಗುತ್ತದೆ! ನಮ್ಮ ಲೆಕ್ಕದಲ್ಲಿ ಅದು 1710. ಜನವರಿ 1ರಿಂದ ಮಾರ್ಚ್ 24ರೊಳಗಿನ ಪ್ರತಿ ತಾರೀಖನ್ನೂ ‘1709/10’ ಎಂದು ಎರಡು ವರ್ಷ ಹಾಕಿ ಬರೆದುಕೊಳ್ಳಿ. ಅಚ್ಚಾದ ವರ್ಷದಲ್ಲಿ ಇನ್ನೊಂದು ತೊಡಕಿದೆ: ನವೆಂಬರ್, ಡಿಸೆಂಬರ್‌ನಲ್ಲಿ ಹೊರಬಂದ ಪುಸ್ತಕ ಹಳತಾಗಿ ಕಾಣಬಾರದೆಂದು ವ್ಯಾಪಾರಿಗಳು ಮುಂದಿನ ವರ್ಷ ನಮೂದಿಸುವುದಿತ್ತು. 1695ಕ್ಕೆ ಮುಂಚಿನ ಕೃತಿಯಲ್ಲಿ ಮುದ್ರಣದ ಪರವಾನಗಿಯ ತಾರೀಖು ಇದ್ದರೆ ಅದೇ ಹೆಚ್ಚು ಗಟ್ಟಿ. ಪರವಾನಗಿ ಕಾಯ್ದೆ ಆ ವರ್ಷ ಕೊನೆಯಾಯಿತು, ಆಮೇಲೆ ಈ ಸಹಾಯವಿಲ್ಲ.

ಸ್ಕ್ಯಾನ್‌ನಲ್ಲಿ ಹಾಳೆ ಬಿಟ್ಟುಹೋಗಿದೆಯೇ ಎಂದು ಓದುವ ಮೊದಲೇ ನೋಡಿ. ಪುಟದ ಅಡಿಯಲ್ಲಿ ಬಲಕ್ಕೆ ಒಂಟಿ ಪದ ಇರುತ್ತದೆ. ಮುಂದಿನ ಪುಟ ಅದೇ ಪದದಿಂದ ಶುರುವಾಗಬೇಕು. ಕೆಲವು ಪುಟಗಳ ಕೆಳಗೆ ಕಾಣುವ ಎ, ಬಿ, ಸಿ ಅಕ್ಷರಗಳು ಮಡಿಕೆಗಳ, ಅಂದರೆ ಅಚ್ಚಾದ ಮೇಲೆ ಮಡಚಿದ ದೊಡ್ಡ ಹಾಳೆಗಳ, ಗುರುತು. ಕ್ವಾರ್ಟೊ ಅಳತೆಯಲ್ಲಿ ಒಂದು ಹಾಳೆಗೆ 8 ಪುಟ, ಆಕ್ಟೇವೊದಲ್ಲಿ 16. ಅಂದರೆ 32 ಪುಟದ ಆಕ್ಟೇವೊ ಕರಪತ್ರ ಎರಡೇ ಹಾಳೆ, ಎರಡೇ ಅಕ್ಷರ. ಈ ಗುರುತುಗಳಿಗೆ ಬಳಸಿದ್ದು 23 ಅಕ್ಷರ ಮಾತ್ರ: ಐ ಆದ ಮೇಲೆ ಕೆ ಬರುತ್ತದೆ, ಜೆ ಇಲ್ಲ, ಡಬ್ಲ್ಯೂ ಇಲ್ಲ, ಯು ಮತ್ತು ವಿ ಒಂದೇ. ಜೆ ಮಡಿಕೆ ಕಳೆದಿದೆ ಎಂದು ಹುಡುಕುತ್ತಾ ಕೂರಬೇಡಿ.

ಪದ ಹುಡುಕುವಾಗ ಉದ್ದನೆಯ ಎಸ್ ಕಾಟ ಕೊಡುತ್ತದೆ. ಪದದ ಆರಂಭ ಮತ್ತು ನಡುವಿನ ಸಣ್ಣಕ್ಷರದ ಎಸ್ ಆಗ ಎಫ್‌ನಂತೆ ಅಚ್ಚಾಗುತ್ತಿತ್ತು, ಅಡ್ಡಗೆರೆ ಮಾತ್ರ ಎಡಕ್ಕೆ ಅರ್ಧ. ಕಂಪ್ಯೂಟರ್ ಅದನ್ನು ಎಫ್ ಎಂದೇ ಓದುತ್ತದೆ. ಹಾಗಾಗಿ ಬಿಷಪ್, ಕ್ರೈಸ್ಟ್ ಪದಗಳನ್ನು ಎಸ್ ಹಾಕಿ ಒಮ್ಮೆ, ಅದರ ಜಾಗದಲ್ಲಿ ಎಫ್ ಹಾಕಿ ಒಮ್ಮೆ, ಹೀಗೆ ಎರಡು ಸಲ ಹುಡುಕಿ. ಪದದ ಕೊನೆಯ ಎಸ್‌ಗೆ, ದೊಡ್ಡಕ್ಷರಕ್ಕೆ ಈ ತೊಂದರೆಯಿಲ್ಲ. ನಾಮಪದಗಳನ್ನು ದೊಡ್ಡಕ್ಷರದಿಂದ ಶುರುಮಾಡುತ್ತಿದ್ದುದರಿಂದ ‘ಸರ್ಮನ್’ ಸಾಮಾನ್ಯವಾಗಿ ಸರಿಯಾಗಿಯೇ ಸಿಗುತ್ತದೆ. 1700ರವರೆಗಿನ ಕೃತಿಗಳಾದರೆ ಇಇಬಿಒ-ಟಿಸಿಪಿ (EEBO-TCP) ಎಂಬ ಆನ್‌ಲೈನ್ ಪಠ್ಯ ಸಂಗ್ರಹಕ್ಕೆ ಹೋಗಿ. ಅಲ್ಲಿ ಪಠ್ಯವನ್ನು ಕೈಯಿಂದ ಟೈಪ್ ಮಾಡಿದ್ದಾರೆ, ಪುಕ್ಕಟೆಯಾಗಿಯೂ ಇದೆ.

ಆಮೇಲೆ ಮನುಷ್ಯ. ಅವನು ಯಾವ ಪ್ರಮಾಣ ಮಾಡಿದ್ದ, ಮಾತಾಡಿ ಏನು ಕಳೆದುಕೊಂಡ ಎಂಬುದು ತಿಳಿಯದೆ ಅವನ ವಾದದ ಬಿಸಿ ತಟ್ಟುವುದಿಲ್ಲ. ವಿಲಿಯಂ ಲಾ ಜಾರ್ಜ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಕೇಂಬ್ರಿಡ್ಜಿನ ಸ್ಥಾನ ಬಿಟ್ಟವನು. ಸ್ನೇಪ್ ಈ ವಿವಾದದಿಂದಲೇ ದೊರೆಯ ಚಾಪ್ಲಿನ್ (ಆಸ್ಥಾನದ ಪಾದ್ರಿ) ಹುದ್ದೆ ಕಳೆದುಕೊಂಡ. ಹೋಡ್ಲಿ ಮಾತ್ರ ಹೆರೆಫರ್ಡ್, ಸಾಲ್ಸ್‌ಬರಿ ದಾಟಿ 1734ರಲ್ಲಿ ಸಿರಿವಂತ ಬಿಷಪ್ ಪೀಠವಾದ ವಿಂಚೆಸ್ಟರ್‌ಗೆ ಏರಿದ. ಅಷ್ಟು ಹೆಸರಿಲ್ಲದ ಪಾದ್ರಿಗಳಿಗೆ 1540ರಿಂದ 1835ರವರೆಗಿನ ಇಂಗ್ಲೆಂಡ್ ಸಭೆಯ ಪಾದ್ರಿಗಳ ಡೇಟಾಬೇಸ್ ಆನ್‌ಲೈನ್‌ನಲ್ಲಿದೆ: ದೀಕ್ಷೆ, ನೇಮಕ, ನೇಮಿಸಿದ ಪೋಷಕನ ಹೆಸರು ಎಲ್ಲ ಸಿಗುತ್ತದೆ. ಒಂದೇ ಹೆಸರಿನವರು ಹಲವರಿದ್ದರೆ ವಯಸ್ಸಿನಿಂದ ಬೇರ್ಪಡಿಸಿ. ನಿಯಮದ ಪ್ರಕಾರ ಡೀಕನ್ (ದೀಕ್ಷೆಯ ಮೊದಲ ಹಂತ) ಆಗಲು 23, ಪ್ರೀಸ್ಟ್ ಆಗಲು 24 ತುಂಬಿರಬೇಕಿತ್ತು. ಡಿಸೆಂಟರ್ ಸಭಾಪಾಲಕರು ಆ ಪಟ್ಟಿಗೆ ಬರುವುದಿಲ್ಲ. ಆದರೆ ಪಾದ್ರಿಗಳೆಲ್ಲ ಒಂದೇ ಪ್ರಾರ್ಥನಾ ಪುಸ್ತಕ ಒಪ್ಪಬೇಕೆಂದ ಏಕರೂಪತೆಯ ಕಾಯ್ದೆಗೆ ಒಪ್ಪದೆ 1662ರ ಆಗಸ್ಟ್ 24ರೊಳಗೆ ಹೊರಬಿದ್ದವರು, ಅದಕ್ಕೆ ಮುಂಚೆ ಸಭೆಯ ಒಳಗೇ ದೀಕ್ಷೆ ಪಡೆದಿದ್ದರೆ, ಸಿಗಬಹುದು. ಸಂದರ್ಭಕ್ಕೆ ಬೇಕಾದ ಸಭಾಚರಿತ್ರೆಯ ಪುಸ್ತಕಗಳಿಗೆ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಗ್ರಂಥಾಲಯ ನೋಡಿ. ಹೊರಗಿನವರು ಮೊದಲೇ ಕೇಳಿಕೊಂಡು ಹೋಗುವುದು ವಾಸಿ.

ಬೈಬಲ್ ವಚನಗಳನ್ನು ಕನ್ನಡ ಬೈಬಲ್ಲಿನಲ್ಲಿ ತೆಗೆದು ನೋಡಿದರೆ ವಾದ ಬೇಗ ಹಿಡಿಗೆ ಸಿಗುತ್ತದೆ. ಕೀರ್ತನೆಗಳಲ್ಲಿ ಮಾತ್ರ ಎಚ್ಚರ: ಇಂಗ್ಲೆಂಡ್ ಸಭೆಯ ಪ್ರಾರ್ಥನಾ ಪುಸ್ತಕದಲ್ಲಿದ್ದುದು 1611ರ ಇಂಗ್ಲಿಷ್ ಬೈಬಲ್ ಅನುವಾದಕ್ಕಿಂತ ಹಳೆಯ ಪಾಠ, ಮಾತುಗಳು ಹೊಂದುವುದಿಲ್ಲ.

ಎದುರಾಳಿಯ ಮಾತನ್ನು ಉದ್ಧರಿಸಿದ್ದು ಕಂಡಾಗಲೆಲ್ಲ ಮೂಲಕ್ಕೆ ಹೋಗಿ. ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸಿದವರೂ ಇದ್ದರು, ಅರ್ಧ ಸಾಲು ಕತ್ತರಿಸಿದವರೂ ಇದ್ದರು. ‘ಏರಿಯನ್’, ‘ಸೊಸಿನಿಯನ್’, ‘ಪೇಪಿಸ್ಟ್’ (ಮೊದಲೆರಡು ತ್ರಯೇಕತ್ವ ಒಪ್ಪದವರಿಗೆ, ಮೂರನೆಯದು ಪೋಪನ ಕಡೆಯವರಿಗೆ) ಎಂಬ ಹಣೆಪಟ್ಟಿಗಳನ್ನು ಬೈಗುಳವಾಗಿ ಎಸೆಯುತ್ತಿದ್ದರು. ಯಾರು ಯಾರಿಗೆ ಅಂದರು ಎಂದು ಗುರುತು ಹಾಕಿಕೊಳ್ಳಿ, ಅದನ್ನೇ ಆತನ ಮತವೆಂದು ಬರೆಯಬೇಡಿ. ಮೂಲ ಎಂದರೂ ಅಚ್ಚಾದದ್ದು, ಆಡಿದ್ದಲ್ಲ. ಹೋಡ್ಲಿಯ ಅಚ್ಚಾದ ಪ್ರಸಂಗದಲ್ಲಿ, ಪ್ರಜೆಗಳು ‘ಸಂಪೂರ್ಣವಾಗಿ’ ಆತುಕೊಳ್ಳಬೇಕಾದ ವ್ಯಾಖ್ಯಾನಕಾರರನ್ನು ಕ್ರಿಸ್ತ ಬಿಟ್ಟುಹೋಗಿಲ್ಲ ಎಂದಿದೆ. ಆ ಒಂದು ವಿಶೇಷಣ ತೆಗೆದರೆ ವಾದ ಎರಡು ಪಟ್ಟು ಉಗ್ರವಾಗುತ್ತದೆ. ಇಂಥ ಪದಗಳನ್ನು ಅಚ್ಚಿಗೆ ಕೊಡುವ ಮುನ್ನ ಸ್ನೇಹಿತರ ಸಲಹೆಯಂತೆ ಸೇರಿಸಿದ್ದು ಎಂದು ಆರೋಪ ಬಂತು. ಸಲಹೆ ಕೊಟ್ಟವನೆಂದು ಹೆಸರು ಕೇಳಿಬಂದ ಪಾದ್ರಿ ವೈಟ್ ಕೆನೆಟ್ ಅದನ್ನು ನಿರಾಕರಿಸಿದ. ಅದರ ಮೇಲೇ ಮತ್ತೊಂದು ಸುತ್ತಿನ ಕರಪತ್ರಗಳು ಬಂದವು. ಟಿಪ್ಪಣಿ ಮಾಡುವಾಗ ಯಾವ ಆವೃತ್ತಿ, ಯಾವ ಪುಟ, ಯಾವ ಗ್ರಂಥಾಲಯದ ಪ್ರತಿಯ ಸ್ಕ್ಯಾನ್ ಎಂದು ಮೂರನ್ನೂ ಬರೆಯಿರಿ.