ವೀರಗಲ್ಲಿನ ಪಕ್ಕ ನಾವು ನಿಲ್ಲಿಸಿದ ಫಲಕ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಉಳಿದುಕೊಂಡಿರುವ ಕೋಟೆಯ ಗೋಡೆಯಲ್ಲಿ ಇಂಗ್ಲಿಷಿನ ಒಂದು ಫಲಕವಿದೆ. ಗೋಡೆ ಒಡೆದ ಈ ಜಾಗದಿಂದಲೇ 1791ರ ಮಾರ್ಚ್ 21ರಂದು ಬ್ರಿಟಿಷರು ನುಗ್ಗಿದರು ಎಂಬುದಷ್ಟೇ ಅದರ ಒಕ್ಕಣೆ. ಒಂದೇ ವಾಕ್ಯ, ಓದಿದವರು ತಕ್ಷಣ ತಲೆಯೆತ್ತಿ ಗೋಡೆಯನ್ನು ನೋಡಲೇಬೇಕು. ಆದರೆ ಆ ರಾತ್ರಿ ಕೋಟೆಯನ್ನು ಕಾಯುತ್ತ ಸತ್ತ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಾಧಿಕಾರಿ, ಬಹದ್ದೂರ್ ಖಾನನ ಹೆಸರು ಅದರಲ್ಲಿಲ್ಲ. ಗೆದ್ದವರು ಹಾಕಿಸಿದ ಕಲ್ಲು, ಅವರಿಗೆ ಬೇಕಾದದ್ದನ್ನು ಹೇಳುತ್ತದೆ. ನಮ್ಮ ಬಡಾವಣೆಯ ವೀರಗಲ್ಲಿಗೆ ಫಲಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ ಈ ಫಲಕದ ಗುಣವೂ ದೋಷವೂ ಎರಡೂ ನನ್ನ ಕಣ್ಣ ಮುಂದಿದ್ದವು.

ನಮ್ಮ ವೀರಗಲ್ಲಿನ ಮೇಲೆ ಅಕ್ಷರಗಳಿಲ್ಲ. ಎಲ್ಲ ಚರ್ಚೆಗೂ ಅದೇ ಮೂಲ. ಹೆಬ್ಬಾಳದ ಕಿತ್ತಯ್ಯನ ಕಲ್ಲಿನಲ್ಲಿ ಬರಹವಿದೆ. ಆದ್ದರಿಂದಲೇ ಅವನ ಹೆಸರೂ ಗಂಗರ ದೊರೆ ಶ್ರೀಪುರುಷನ ಕಾಲವೂ ತಿಳಿದು, ಅದು ಸುಮಾರು ಕ್ರಿ.ಶ. 750ರದ್ದು ಎನ್ನಲು ಸಾಧ್ಯವಾಯಿತು. ಬೇಗೂರಿನಲ್ಲಿ ಸುಮಾರು 890ರ ಕಲ್ಲೊಂದು ‘ಬೆಂಗಳೂರ ಕಾಳಗ’ವನ್ನೇ ಹೆಸರಿಸುತ್ತದೆ. ನಮ್ಮ ನೆರೆಹೊರೆಯವರಿಗೆ ಇವೆಲ್ಲ ಗೊತ್ತಿತ್ತು. ಹಾಗಾಗಿ ನಮ್ಮದನ್ನೂ ಯಾವುದಾದರೂ ರಾಜವಂಶಕ್ಕೆ ಸೇರಿಸಬೇಕೆಂಬ ಆಸೆ. ‘ಸಾವಿರ ವರ್ಷ ಹಳೆಯದು ಎಂದು ಹಾಕಿಬಿಡಿ ಸಾರ್, ಯಾರು ಕೇಳುತ್ತಾರೆ’ ಎಂದರು ಒಬ್ಬ ಹಿರಿಯರು. ಕೇಳುವವರು ಬರದಿದ್ದರೂ ನಂಬುವವರು ಬರುತ್ತಾರಲ್ಲ, ನನ್ನ ತಕರಾರು ಅದೇ ಆಗಿತ್ತು. ಕಲ್ಲಿನಲ್ಲಿ ಕೊರೆದದ್ದನ್ನು ನಾಳೆ ಶಾಲೆಯ ಮಕ್ಕಳು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಇತಿಹಾಸ ಬಲ್ಲವರೊಬ್ಬರು ಒಂದು ಕರಡು ಬರೆದುಕೊಟ್ಟರು. ಗಂಗರಿಂದ ಹೊಯ್ಸಳರವರೆಗೆ ಎಲ್ಲರೂ ಅದರಲ್ಲಿದ್ದರು, ನಮ್ಮ ವೀರನೊಬ್ಬನನ್ನು ಬಿಟ್ಟು. ಪುಸ್ತಕಕ್ಕೆ ಚೆನ್ನಾಗಿತ್ತು. ಬಿಸಿಲಿನಲ್ಲಿ, ಕೈಯಲ್ಲಿ ತರಕಾರಿ ಚೀಲ ಹಿಡಿದು ನಿಂತವರು ಅಷ್ಟನ್ನು ಓದುವುದಿಲ್ಲ. ನಾನು ಕಾಗದವನ್ನು ಬದಿಗಿಟ್ಟು, ಕಲ್ಲಿನ ಮುಂದೆ ನಿಂತು, ಕೆಳಗಿನಿಂದ ಮೇಲಕ್ಕೆ ಕಂಡದ್ದನ್ನೇ ಬರೆಯುತ್ತಾ ಹೋದೆ. ಕೊನೆಗೆ ಉಳಿದದ್ದು ಇಷ್ಟು:

‘ಇದು ವೀರಗಲ್ಲು. ಕೆಳಗೆ, ದನಗಳನ್ನು ಕಾಯಲು ಒಬ್ಬ ವೀರ ಕತ್ತಿ ಹಿಡಿದು ಹೋರಾಡುತ್ತಿದ್ದಾನೆ. ನಡುವೆ, ಸತ್ತ ಅವನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲೆ, ಅವನು ಶಿವಲಿಂಗದ ಮುಂದೆ ಕುಳಿತಿದ್ದಾನೆ. ಕಲ್ಲಿನ ಮೇಲೆ ಅವನ ಹೆಸರಿಲ್ಲ. ಊರಿನವರು ವೀರಣ್ಣ ಎಂದು ಪೂಜಿಸುತ್ತಾರೆ.’

ಕೊನೆಯ ವಾಕ್ಯ ಬೇಡವೆಂದವರಿದ್ದರು. ಅದು ಇತಿಹಾಸವಲ್ಲ, ನಂಬಿಕೆ ಎಂಬುದು ಅವರ ವಾದ. ಹಳೆಯ ಊರಿನ ಮನೆಗಳವರು ಇಷ್ಟು ಕಾಲ ಅರಿಸಿನ ಕುಂಕುಮ ಇಟ್ಟದ್ದರಿಂದಲೇ ಆ ಕಲ್ಲು ಯಾರದೋ ಪಾಯದೊಳಗೆ ಸೇರದೆ ಉಳಿದಿದೆ. ಅದನ್ನು ಬಿಟ್ಟು ಬರೆದರೆ ಮಾರುಕಟ್ಟೆಯ ಫಲಕದ ದೋಷ ನಮಗೂ ಅಂಟುತ್ತಿತ್ತು. ವಾಕ್ಯ ಉಳಿಯಿತು.

ಫ್ಲೆಕ್ಸ್ ಅಗ್ಗ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಗ್ರಾನೈಟಿನಲ್ಲಿ ಕೊರೆಯುವವರು ಅಕ್ಷರದ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ. ಒತ್ತಕ್ಷರ ಒಂದೋ ಎರಡೋ ಎಂಬುದರ ಮೇಲೆ ಸಣ್ಣದೊಂದು ಜಟಾಪಟಿಯೇ ನಡೆಯಿತು. ಬರಹವನ್ನು ಬಿಗಿಯಾಗಿಸಲು ಇದಕ್ಕಿಂತ ಒಳ್ಳೆಯ ಸಂಪಾದಕನಿಲ್ಲ. ನಿಜವಾದ ಅಪಾಯ ಬೇರೆಡೆ ಇತ್ತು. ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ಕಡತ ಕೊರೆಯುವವರ ಕಂಪ್ಯೂಟರಿನಲ್ಲಿ ತೆರೆದುಕೊಂಡಾಗ ಒತ್ತುಗಳೂ ಅರ್ಕಾವೊತ್ತುಗಳೂ ದಿಕ್ಕಾಪಾಲಾಗಬಹುದು. ಆದ್ದರಿಂದ ಪೂರ್ಣ ಅಳತೆಯ ಅಚ್ಚುಪ್ರತಿಯನ್ನು ತೆಗೆಸಿ, ಪ್ರತಿ ಒತ್ತನ್ನೂ ಬೆರಳಿಟ್ಟು ನೋಡಿ, ಸಹಿ ಹಾಕಿದ ಮೇಲೆಯೇ ಕೊರೆಯಲು ಬಿಟ್ಟೆವು. ಅಕ್ಷರಗಳನ್ನು ಅಂಗಡಿಯವರು ಹೇಳಿದ್ದಕ್ಕಿಂತ ದೊಡ್ಡದಾಗಿ ಮಾಡಿಸಿದೆವು. ಸಣ್ಣ ಒತ್ತುಗಳಲ್ಲಿ ಧೂಳು ತುಂಬಿದರೆ ಓದಲಾಗದು.

ಫಲಕವನ್ನು ವೀರಗಲ್ಲಿಗೆ ತಾಗಿಸಲಿಲ್ಲ. ಕಲ್ಲಿಗೆ ಮೊಳೆ, ಸಿಮೆಂಟು, ಬಣ್ಣ ಯಾವುದೂ ಸೋಕಬಾರದೆಂದು ಗಾರೆಯವನಿಗೆ ಮೊದಲೇ ಹೇಳಿದ್ದೆವು. ಬುಡಕ್ಕೆ ಕಟ್ಟೆ ಕಟ್ಟಿಸುವ ಮಾತನ್ನೂ ಕೈಬಿಟ್ಟೆವು. ಮಣ್ಣಿನೊಳಗೆ ಹೂತ ಭಾಗದಲ್ಲಿ ಏನಿದೆಯೋ ಯಾರು ಬಲ್ಲರು? ಮುಂದೆ ಯಾರಾದರೂ ನೋಡಬೇಕೆಂದರೆ ಕಾಂಕ್ರೀಟು ಒಡೆಯುವಂತಾಗಬಾರದು. ಫಲಕ ಒಂದು ಬದಿಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಸ್ವಲ್ಪ ಹಿಂದಕ್ಕೆ ವಾಲಿ ನಿಂತಿದೆ. ಪೂಜೆಗೆ ಬರುವವರ ದಾರಿಗೆ ಅಡ್ಡವಿಲ್ಲ.

ಉಳಿದದ್ದು ದಾನಿಗಳ ಹೆಸರು. ನಮ್ಮಲ್ಲಿ ಎಷ್ಟೋ ಫಲಕಗಳಲ್ಲಿ ಉದ್ಘಾಟಿಸಿದವರ ಹೆಸರು ದೊಡ್ಡದಾಗಿರುತ್ತದೆ, ಯಾರ ನೆನಪಿಗಾಗಿ ನಿಲ್ಲಿಸಿದರೋ ಅವರದು ಮೂಲೆಗೆ ಸರಿದಿರುತ್ತದೆ. ಹೆಸರಿಲ್ಲದ ವೀರನ ಮುಂದೆ ನಮ್ಮ ಹೆಸರುಗಳನ್ನು ಸಾಲಾಗಿ ಕೊರೆಸುವುದು ನನಗೆ ಮುಜುಗರದ ಮಾತಾಗಿತ್ತು, ಆದರೆ ಹಣ ಕೊಟ್ಟವರನ್ನು ನೋಯಿಸುವಂತೆಯೂ ಇರಲಿಲ್ಲ. ಹೆಸರುಗಳು ಫಲಕದ ಹಿಂಬದಿಗೆ ಹೋದವು, ಮುಂಬದಿಯ ಅರ್ಧ ಅಳತೆಯ ಅಕ್ಷರಗಳಲ್ಲಿ. ಇಬ್ಬರು ಮಾತ್ರ ಇನ್ನೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ.